ಟ್ರಕ್ಕಿನ ಮೂತಿಗೆ 375 ಕಿಲೋ ನೇಗಿಲು

"ಅಮ್ಮಾ, ಒಂದು ಪ್ಲೌ ತಗೊಂಡೆ" ಅಂದೆ ಫೋನಿನಲ್ಲಿ. ನನಗೆ ರಾತ್ರಿ, ತೀರ್ಥಹಳ್ಳಿ ಹತ್ತಿರದ ನಮ್ಮೂರಲ್ಲಿ ಬೆಳಗಿನ ದೋಸೆ ಹೊತ್ತು. ಹಿಂದೆ ಕಾವಲಿ ಚುಂಯ್ ಅಂದಿದ್ದು ಕೇಳಿಸಿತು.

"ಪ್ಲೌ ಅಂದ್ರೆ ನೇಗಿಲಲ್ವೇನೋ? ಅಲ್ಲಿ ಗದ್ದೆ ಮಾಡ್ತೀಯಾ?"

"ಗದ್ದೆ ಅಲ್ಲಮ್ಮ, ಹಿಮ ತಳ್ಳೋದು. ಟ್ರಕ್ಕಿನ ಮುಂದೆ ಕಟ್ಟೋದು."

"ನೇಗಿಲನ್ನ ಹಿಂದೆ ಕಟ್ಟೋದು ಮಾರಾಯ. ಮುಂದೆ ಕಟ್ಟಿದ್ರೆ ಎತ್ತು ಮುಗ್ಗರಿಸಲ್ವಾ?" ಅಂತ ನಕ್ಕಳು.

ಅಮ್ಮ ತಮಾಷೆಗೆ ಹೇಳಿದ್ದು. ಆದರೆ ಎರಡೇ ತಿಂಗಳಲ್ಲಿ ನನ್ನ ಎತ್ತು ನಿಜಕ್ಕೂ ಮುಗ್ಗರಿಸುವುದರಲ್ಲಿತ್ತು.

ನಾವಿರುವುದು ಅಮೆರಿಕದ ಮಿಷಿಗನ್ ರಾಜ್ಯದ ತೀರಾ ಉತ್ತರದ ತುದಿಯಲ್ಲಿ, ಕೆವಿನಾ ಎಂಬ ಪರ್ಯಾಯ ದ್ವೀಪದಲ್ಲಿ. ಒಂದು ಕಾಲಕ್ಕೆ ತಾಮ್ರದ ಗಣಿಗಳ ಊರು. ಕಾಲುವೆಯ ಈಚೆ ಹೌಟನ್, ಆಚೆ ಹ್ಯಾನ್‌ಕಾಕ್, ನಡುವೆ ಮೇಲೇಳುವ ಒಂದು ಸೇತುವೆ. ಹೌಟನ್‌ನ ಮಿಷಿಗನ್ ಟೆಕ್‌ಗೆ ಎಂ.ಎಸ್. ಓದಲು ಬಂದವನು ನಾನು. ಈಗಿನ ಕೆಲಸ ಮನೆಯಿಂದಲೇ ಮಾಡುವಂಥದ್ದು, ಬೇರೆ ಕಡೆಗೆ ಹೋಲಿಸಿದರೆ ಇಲ್ಲಿ ಮನೆಯೂ ಅಗ್ಗ, ಹಾಗಾಗಿ ಹ್ಯಾನ್‌ಕಾಕ್ ಕಡೆಯ ಗುಡ್ಡದ ಮೇಲೆ ನೆಲೆ ನಿಂತೆವು.

ಇಲ್ಲಿ ಹಿಮ ಬೀಳುವ ಲೆಕ್ಕಾಚಾರ ಮಲೆನಾಡಿನವರಿಗೆ ಬೇಗ ಅರ್ಥವಾಗುತ್ತದೆ. ನಮಗೆ ಅರಬ್ಬಿ ಸಮುದ್ರ ಹೇಗೋ ಇವರಿಗೆ ಲೇಕ್ ಸುಪೀರಿಯರ್ ಹಾಗೆ. ಕೆನಡಾ ಕಡೆಯಿಂದ ಬರುವ ಒಣ ಶೀತಗಾಳಿ ಇನ್ನೂ ಹೆಪ್ಪುಗಟ್ಟದ ಸರೋವರದ ಮೇಲೆ ಹಾಯುವಾಗ ತೇವ ಹೀರಿಕೊಂಡು, ಇಲ್ಲಿನ ಗುಡ್ಡ ಹತ್ತುವಾಗ ಅಷ್ಟನ್ನೂ ಸುರಿಯುತ್ತದೆ. ಆಗುಂಬೆ ಘಾಟಿಯಲ್ಲಿ ಆಗುವುದೂ ಅದೇ, ಅಲ್ಲಿ ಬೀಳುವುದು ನೀರು, ಇಲ್ಲಿ ಬೀಳುವುದು ಹತ್ತಿ. ಮೋಹಾಕ್ ಎಂಬ ಹಳ್ಳಿಯ ಆಚೆ ಹೆದ್ದಾರಿ ಪಕ್ಕ ಒಂದು ದೊಡ್ಡ ಅಳತೆಗೋಲು ನಿಲ್ಲಿಸಿದ್ದಾರೆ. 1978-79ರ ಚಳಿಗಾಲದಲ್ಲಿ ಬಿದ್ದದ್ದು 390.4 ಇಂಚು ಎಂದು ಅದರ ಮೇಲೆ ಗುರುತಿದೆ. ಹತ್ತಿರ ಹತ್ತಿರ ಹತ್ತು ಮೀಟರ್! ಅದರ ಬುಡದಲ್ಲಿ ನಿಂತು ಕತ್ತೆತ್ತಿ ಫೋಟೋ ತೆಗೆಸಿಕೊಳ್ಳುವುದು ಹೊಸಬರ ಶಾಸ್ತ್ರ, ನಾವೂ ತೆಗೆಸಿಕೊಂಡಿದ್ದೇವೆ.

ಮೊದಲ ಚಳಿಗಾಲ ಸ್ಕೂಪಿನಲ್ಲೇ ಕಳೆಯಿತು. ಸ್ಕೂಪ್ ಅಂದರೆ ದೊಡ್ಡ ಮೊರಕ್ಕೆ ಹಿಡಿಕೆ ಇಟ್ಟ ಹಾಗಿರುವ, ತಳ್ಳುವ ಸಾಧನ. ಹಿಮವಾದರೂ ಪರವಾಗಿಲ್ಲ, ಸಿಟ್ಟು ಬರುವುದು ಆಮೇಲೆ. ಮನೆ ಮುಂದಿನ ದಾರಿ ಚೊಕ್ಕ ಮಾಡಿ ಒಳಗೆ ಬಂದು ಕಾಫಿ ಕುಡಿಯುವಷ್ಟರಲ್ಲಿ ಕೌಂಟಿಯ ಹಿಮದ ಲಾರಿ ರಸ್ತೆ ಬಳಿದುಕೊಂಡು ಹೋಗಿ, ನಮ್ಮ ದಾರಿಯ ಬಾಯಿಗೆ ಸೊಂಟದೆತ್ತರದ ಒಡ್ಡು ಹಾಕಿಬಿಡುತ್ತದೆ. ಅದು ಹತ್ತಿಯಲ್ಲ, ಕಲ್ಲಿನಂಥ ಹೆಂಟೆ.

ಎರಡನೇ ವರ್ಷ ಎರಡು ಕಾರಣ ಸೇರಿಕೊಂಡವು. ಪಕ್ಕದ ಮನೆಯ ಅಜ್ಜನಿಗೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿ, ಇನ್ನು ಹಿಮ ತಳ್ಳಕೂಡದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಅವರ ದಾರಿಯನ್ನೂ ನಾನೇ ನೋಡಿಕೊಳ್ಳುತ್ತೇನೆ ಅಂದಿದ್ದೆ. ಎರಡನೆಯದು, ನನ್ನ ಹೆಂಡತಿಗೆ ಫೆಬ್ರವರಿಗೆ ದಿನ ಕೊಟ್ಟಿದ್ದರು. ಫೆಬ್ರವರಿ ಅಂದರೆ ಇಲ್ಲಿ ಚಳಿಗಾಲದ ನಟ್ಟನಡು. ನೋವು ಕಾಣಿಸಿಕೊಂಡ ರಾತ್ರಿ ಎದೆಮಟ್ಟದ ಹಿಮದ ಮುಂದೆ ಸ್ಕೂಪ್ ಹಿಡಿದು ನಿಂತಿರುವ ನನ್ನ ಚಿತ್ರ ಕಣ್ಣ ಮುಂದೆ ಬಂದು ನಿದ್ದೆ ಕೆಡುತ್ತಿತ್ತು.

ಅಕ್ಟೋಬರಿನಲ್ಲಿ ಹಳೆಯದೊಂದು ಪಿಕಪ್ ಟ್ರಕ್ ಕೊಂಡೆ. ಡೀಸೆಲ್. ದೊಡ್ಡ ಎಂಜಿನ್ ಇದ್ದಷ್ಟೂ ಒಳ್ಳೆಯದು ಎಂಬುದು ನನ್ನ ತರ್ಕ. ಡೀಸೆಲ್ ಎಂಜಿನ್ ಪೆಟ್ರೋಲಿನದಕ್ಕಿಂತ ನೂರಾರು ಪೌಂಡ್ ಭಾರ, ಆ ಭಾರ ಪೂರ್ತಿ ಮುಂದಿನ ಚಕ್ರಗಳ ಮೇಲೇ ಕೂರುತ್ತದೆ, ಅಷ್ಟರಮಟ್ಟಿಗೆ ಪ್ಲೌ ಹೊರುವ ಶಕ್ತಿ ಕಡಿಮೆಯಾಗುತ್ತದೆ ಎಂಬುದು ಆಗ ತಲೆಗೆ ಹೊಳೆಯಲಿಲ್ಲ. ಕಾರ್ಖಾನೆಯಲ್ಲೇ 'ಪ್ಲೌ ಪ್ಯಾಕೇಜ್' ಅಂತ ಹಾಕಿಸಿಕೊಂಡರೆ ಗಟ್ಟಿ ಸ್ಪ್ರಿಂಗ್, ದೊಡ್ಡ ಆಲ್ಟರ್ನೇಟರ್ ಎಲ್ಲ ಬರುತ್ತವೆ. ನನ್ನ ಟ್ರಕ್ಕಿಗೆ ಅದಿರಲಿಲ್ಲ. ಜೊತೆಗೆ ಇಂಗ್ಲಿಷಿನ 'ವಿ' ಅಕ್ಷರದಂತೆ ನಡುವೆ ಮಡಚುವ, ಸೆಕೆಂಡ್ ಹ್ಯಾಂಡ್ ಪ್ಲೌ ಒಂದು ಸಿಕ್ಕಿತು. ತೂಕ 825 ಪೌಂಡ್, ಅಂದರೆ ಸುಮಾರು 375 ಕೆ.ಜಿ. ಇಲ್ಲಿ ಎಲ್ಲವೂ ಪೌಂಡು, ಅಡಿ. ಮುಂದೆ ಕೆ.ಜಿ.ಯಲ್ಲೇ ಹೇಳುತ್ತೇನೆ.

ಕಟ್ಟಿದ ಮೇಲೆ ಬ್ಲೇಡ್ ಎತ್ತಲು ಗುಂಡಿ ಒತ್ತಿದೆ. ಬ್ಲೇಡ್ ಮೇಲೇಳುತ್ತಿದ್ದ ಹಾಗೇ ಟ್ರಕ್ಕಿನ ಮೂತಿ ಕುಸಿಯಿತು, ಹಿಂಭಾಗ ಎದ್ದಿತು. ನೋಡಲು ಥೇಟ್ ದಂಡಿಗೆ ಮೊಣಕಾಲೂರಿದ ಎಮ್ಮೆ.

ಅದಕ್ಕೊಂದು ಮದ್ದು ವಿಡಿಯೋದಲ್ಲಿ ಸಿಕ್ಕಿತು. ನನ್ನ ಟ್ರಕ್ಕಿನ ಮುಂಭಾಗದಲ್ಲಿರುವುದು ಲಾರಿಗಳಿಗಿರುವ ಪಟ್ಟಿ ಸ್ಪ್ರಿಂಗ್ ಅಲ್ಲ, ಸುರುಳಿ ಸ್ಪ್ರಿಂಗೂ ಅಲ್ಲ, ಟಾರ್ಷನ್ ಬಾರ್. ಗಾಡಿಯ ಅಡಿಯಲ್ಲಿ ಎಡಕ್ಕೊಂದು ಬಲಕ್ಕೊಂದು ಉದ್ದನೆಯ ಉಕ್ಕಿನ ಸರಳು. ಚಕ್ರ ಮೇಲೆ ಹೋದಾಗ ಒದ್ದೆ ಬಟ್ಟೆ ಹಿಂಡಿದ ಹಾಗೆ ಸರಳು ತಿರುಚಿಕೊಳ್ಳುತ್ತದೆ, ಬಿಟ್ಟಾಗ ವಾಪಸು ಬರುತ್ತದೆ. ಆ ಸರಳಿನ ಹಿಂದಿನ ತುದಿಗೆ ಒಂದು ಬೋಲ್ಟ್. ಅದನ್ನು ಬಿಗಿಮಾಡಿದರೆ ಗಾಡಿ ಎದ್ದು ನಿಲ್ಲುತ್ತದೆ. ಎರಡೂ ಕಡೆ ಆರಾರು ಸುತ್ತು ತಿರುಗಿಸಿದೆ. ಮೂತಿ ಎದ್ದಿತು. ಹತ್ತು ಪೈಸೆ ಖರ್ಚಿಲ್ಲದೆ ಸಸ್ಪೆನ್ಷನ್ ಗಟ್ಟಿ ಮಾಡಿದೆ ಎಂದು ಹೆಂಡತಿಯೆದುರು ಕೊಚ್ಚಿಕೊಂಡಿದ್ದೂ ಆಯಿತು.

ಗಟ್ಟಿ ಆಗಿರಲಿಲ್ಲ. ಮಂಚದ ಕಾಲಿಗೆ ಇಟ್ಟಿಗೆ ಇಟ್ಟರೆ ಮಂಚ ಎತ್ತರವಾಗುತ್ತದೆ, ಗಟ್ಟಿಯಾಗುವುದಿಲ್ಲವಲ್ಲ, ಹಾಗೆ. ಸರಳು ಅದೇ, ಅದರ ಬಿಗುವೂ ಅದೇ. ಬದಲಾದದ್ದು ಎತ್ತರ ಮಾತ್ರ. ಮೇಲಾಗಿ ಬ್ಲೇಡ್ ಬಿಚ್ಚಿಟ್ಟ ದಿನ ಗಾಡಿ ಮೂಗೆತ್ತಿ ನಿಲ್ಲುತ್ತಿತ್ತು, ಹೆಡ್‌ಲೈಟು ಮರದ ತುದಿಗೆ ಹೊಡೆಯುತ್ತಿತ್ತು, ಸಣ್ಣ ಗುಂಡಿಗೂ ಧಡ್ ಅನ್ನುತ್ತಿತ್ತು. ಚಕ್ರದ ಜೋಡಣೆಯ ಕೋನ ಬದಲಾಗಿ ಟೈರು ಒಂದು ಅಂಚಿನಲ್ಲಿ ಸವೆಯತೊಡಗಿದ್ದನ್ನೂ ನಾನು ಗಮನಿಸಿರಲಿಲ್ಲ.

ನವೆಂಬರ್ ಕೊನೆಯಲ್ಲಿ ಮೊದಲ ದೊಡ್ಡ ಹಿಮ. ನಮ್ಮದು, ಅಜ್ಜನದು ಎರಡೂ ದಾರಿ ಮುಗಿಸಿ, ಡೀಸೆಲ್ ಹಾಕಿಸಲೆಂದು ಗುಡ್ಡ ಇಳಿಯುತ್ತಿದ್ದೆ. ಕೆಳಗೆ ಹೆದ್ದಾರಿ ಸೇರುವಲ್ಲಿ ಬ್ರೇಕ್ ಒತ್ತಿದರೆ ಹಿಂಭಾಗ ನನ್ನ ಮಾತು ಕೇಳದೆ ಬಲಕ್ಕೆ ಹೊರಟಿತು. ಗಾಡಿ ಅಡ್ಡಡ್ಡಲಾಗಿ ಜಾರುತ್ತ ಸ್ಟಾಪ್ ಗೆರೆ ದಾಟಿ ಹೆದ್ದಾರಿಯ ನಡುವೆ ನಿಂತಿತು. ಆ ಹೊತ್ತಿಗೆ ಮರ ಹೇರಿದ ಲಾರಿಯೊಂದು ಬಂದಿದ್ದರೆ ಈ ಲೇಖನ ಇರುತ್ತಿರಲಿಲ್ಲ. ಸ್ಟಿಯರಿಂಗ್ ಹಿಡಿದ ಕೈ ಬಿಡಿಸಿಕೊಳ್ಳಲು ಒಂದು ನಿಮಿಷ ಬೇಕಾಯಿತು. ಮನೆಯಲ್ಲಿ ಹೇಳಲಿಲ್ಲ.

ಹಿಂದೆ ಭಾರ ಸಾಲದು ಎಂದು ಮಾತ್ರ ತಿಳಿಯಿತು. ಅಂಗಡಿಯಿಂದ 27 ಕಿಲೋದ 12 ಮರಳು ಚೀಲ ತಂದೆ, ಒಟ್ಟು ಸುಮಾರು 325 ಕೆ.ಜಿ. ಅವನ್ನು ಹಿಂದಿನ ಬಾಡಿಯಲ್ಲಿ, ಕ್ಯಾಬಿನ್ನಿನ ಗೋಡೆಗೆ ಒತ್ತಿ ಸಾಲಾಗಿ ಜೋಡಿಸಿದೆ. ಬ್ರೇಕ್ ಹಾಕಿದಾಗ ಚೀಲ ಮುಂದಕ್ಕೆ ಹಾರಬಾರದು ನೋಡಿ, ಮೊದಲೇ ಮುಂದೆ ಇಟ್ಟರೆ ಹಾರುವುದಾದರೂ ಎಲ್ಲಿಗೆ? ಜಾರುವುದು ನಿಂತಿತು. ಸಮಸ್ಯೆ ಮುಗಿಯಿತು ಅಂದುಕೊಂಡೆ. ಸಾಫ್ಟ್‌ವೇರಿನಲ್ಲಿ ನಾವು ಇದನ್ನು ಎಷ್ಟೋ ಸಲ ಮಾಡಿದ್ದೇವೆ. ಪರದೆ ಮೇಲೆ ಎರರ್ ಕಾಣಿಸುವುದು ನಿಂತರೆ ಬಗ್ ಹೋಯಿತು ಅಂತ ಟಿಕೆಟ್ ಮುಚ್ಚಿಬಿಡುವುದು.

ಡಿಸೆಂಬರ್ ನಡುವಿನಲ್ಲಿ ಒಂದು ಬೆಳಿಗ್ಗೆ ಅಜ್ಜನ ದಾರಿ ಬಳಿಯುತ್ತಿದ್ದೆ. ಸ್ಟಿಯರಿಂಗ್ ತಿರುಗಿಸಿದಾಗಲೆಲ್ಲ ಎಡಗಡೆ ಚಕ್ರದ ಹತ್ತಿರ 'ಟಕ್' ಅನ್ನುವ ಸದ್ದು ಒಂದು ವಾರದಿಂದ ಇತ್ತು. ನನಗದು ಅಭ್ಯಾಸವಾಗಿಹೋಗಿತ್ತು. ಅಜ್ಜ ಕಿಟಕಿಯಿಂದ ಕೇಳಿಸಿಕೊಂಡು, ಟೊಪ್ಪಿ ಹಾಕಿಕೊಂಡು ಹೊರಗೆ ಬಂದರು, ಎಂಜಿನ್ ಆರಿಸು ಎಂದು ಕೈಸನ್ನೆ ಮಾಡಿದರು.

ಈ ಅಜ್ಜ ಫಿನ್‌ಲ್ಯಾಂಡ್ ಮೂಲದವರು, ಇಲ್ಲಿ ಬಹಳ ಮಂದಿ ಹಾಗೆ. ಅವರೆದುರು 'ಸಾನಾ' ಅನ್ನಕೂಡದು, 'ಸೌನಾ' ಅನ್ನಬೇಕು, ಇಲ್ಲದಿದ್ದರೆ ಮಾತು ಅಲ್ಲೇ ನಿಲ್ಲಿಸಿ ತಿದ್ದುತ್ತಾರೆ. ಮೂವತ್ತು ವರ್ಷ ಹಿಮದ ಲಾರಿ ಓಡಿಸಿ ನಿವೃತ್ತರಾದವರು. ಅವರು ಜಾಕ್ ಕೊಟ್ಟು ಎಡಚಕ್ರ ಎತ್ತಿಸಿದರು. ನಮ್ಮ ಹಾರೆಯಂಥದ್ದೊಂದನ್ನು ಟೈರಿನ ಅಡಿಗೆ ತೂರಿಸಿ ಮೀಟು ಅಂದರು. ಮೀಟಿದೆ. ಚಕ್ರ ಇಡಿಯಾಗಿ ಮೇಲಕ್ಕೂ ಕೆಳಕ್ಕೂ ಆಡಿತು, ಟಕ್, ಟಕ್.

ಅದು ಕೆಳಗಿನ ಬಾಲ್ ಜಾಯಿಂಟ್. ಚಕ್ರವನ್ನು ಸಸ್ಪೆನ್ಷನ್ನಿನ ತೋಳಿಗೆ ಹಿಡಿದಿಟ್ಟಿರುವ ಕೀಲು, ನಮ್ಮ ಸೊಂಟದ ಕೀಲಿನ ಹಾಗೆ ಬಟ್ಟಲೊಳಗೆ ಗುಂಡು. ಅದು ಕಳಚಿಕೊಂಡರೆ ಚಕ್ರ ಮಡಚಿ ಬೀಳುತ್ತದೆ, ಗಾಡಿ ಎತ್ತ ಹೋಗಬೇಕೆಂದು ಗಾಡಿಯೇ ತೀರ್ಮಾನಿಸುತ್ತದೆ. "ಇದರಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಆಸ್ಪತ್ರೆಗೆ ಹೋಗಬೇಕು ಅಂತಿದ್ದೀಯಲ್ಲ?" ಎಂದು ಅಜ್ಜ ಕೇಳಿದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಆಮೇಲೆ ಅವರು ಚಾಲಕನ ಬಾಗಿಲು ತೆಗೆದು, ಕಂಬದ ಮೇಲೆ ಅಂಟಿಸಿದ್ದ ಚೀಟಿ ತೋರಿಸಿದರು. ಟೈರಿಗೆ ಗಾಳಿ ಎಷ್ಟೆಂದು ನೋಡಲು ನಾನು ಎಷ್ಟೋ ಸಲ ಅದರ ಮುಂದೆ ಬಗ್ಗಿದ್ದೆ, ಪಕ್ಕದ ಸಾಲು ಓದಿರಲಿಲ್ಲ. ಮುಂದಿನ ಆಕ್ಸಲ್ ಹೊರಬಲ್ಲ ಗರಿಷ್ಠ ತೂಕ 4,800 ಪೌಂಡ್. ಅಂದರೆ 2,177 ಕೆ.ಜಿ. ಸ್ಪ್ರಿಂಗ್, ಕೀಲು, ಬೇರಿಂಗ್, ಟೈರು ಎಲ್ಲವನ್ನೂ ಲೆಕ್ಕ ಹಾಕಿ ಗಾಡಿ ಮಾಡಿದವರು ಬರೆದ ಸಂಖ್ಯೆ. ಆಮೇಲೆ ನಾವು ಯಾವ ರಬ್ಬರು, ಯಾವ ಗಟ್ಟಿ ಸ್ಪ್ರಿಂಗ್ ಹಾಕಿಸಿದರೂ ಆ ಚೀಟಿಯ ಸಂಖ್ಯೆ ಬದಲಾಗುವುದಿಲ್ಲ.

ಮೆಕ್ಯಾನಿಕ್ ಕೀಲು ಬದಲಾಯಿಸಿ, ನಾನು ತಿರುಗಿಸಿದ್ದ ಬೋಲ್ಟುಗಳನ್ನು ಮೊದಲಿನ ಅಳತೆಗೆ ತಂದು, ಅಲೈನ್‌ಮೆಂಟ್ ಮಾಡಿ ಕೊಟ್ಟರು. ಬಿಲ್ಲು ನೋಡಿ ಹತ್ತು ಪೈಸೆ ಖರ್ಚಿಲ್ಲದ ನನ್ನ ರಿಪೇರಿ ನೆನಪಾಯಿತು. ನಂತರ ಅಜ್ಜನ ಒತ್ತಾಯಕ್ಕೆ ಜಲ್ಲಿ ಮಾರುವ ಯಾರ್ಡೊಂದರ ವೇಬ್ರಿಡ್ಜಿಗೆ ಹೋದೆವು. ಮುಂದಿನ ಎರಡು ಚಕ್ರ ಮಾತ್ರ ಹಲಗೆಯ ಮೇಲೆ. ಪ್ಲೌ, ಮರಳು ಎರಡೂ ಇಲ್ಲದೆ, ನಾನೊಬ್ಬನೇ ಕೂತಾಗ 1,690 ಕೆ.ಜಿ. ಇನ್ನೂ 487 ಕೆ.ಜಿ. ಜಾಗವಿದೆ, ಪ್ಲೌ 375, ಸಲೀಸು ಅಂದುಕೊಂಡೆ. ಮನೆಗೆ ಬಂದು ಪ್ಲೌ ಕಟ್ಟಿ, ಮರಳು ಚೀಲ ಹೇರಿಕೊಂಡು ಮತ್ತೆ ಹೋದೆವು. 2,300! ಮಿತಿಗಿಂತ 120 ಕಿಲೋ ಮೇಲೆ.

ಇದು ಹೇಗೆ ಅಂತ ನಿಮಗೂ ಅನಿಸಬಹುದು. ನಾನು ಓದಿದ್ದು ಕಂಪ್ಯೂಟರ್ ಸೈನ್ಸ್ ಆದರೂ ವಿಟಿಯು ಮೊದಲ ವರ್ಷದಲ್ಲಿ ಎಲ್ಲ ಬ್ರಾಂಚಿಗೂ ಮೆಕ್ಯಾನಿಕ್ಸ್ ಇತ್ತು. ಬೀಮ್, ರಿಯಾಕ್ಷನ್, ಮೊಮೆಂಟ್ ಅಂತ ಬಾಯಿಪಾಠ ಮಾಡಿ ಪಾಸಾಗಿದ್ದೆ. ಹನ್ನೆರಡು ವರ್ಷದ ಮೇಲೆ ಹಿಮದಲ್ಲಿ ನಿಂತು ಫೋನಿನ ಕ್ಯಾಲ್ಕುಲೇಟರಿನಲ್ಲಿ ಅದೇ ಲೆಕ್ಕ ಮಾಡಿದೆ. ಪ್ಲೌ ಕೂರುವುದು ಮುಂದಿನ ಚಕ್ರದ ಮೇಲಲ್ಲ, ಅದಕ್ಕಿಂತ ಸುಮಾರು 1.6 ಮೀಟರ್ ಮುಂದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ಅಂತರ ಸುಮಾರು 3.65 ಮೀಟರ್. ಅಂದರೆ ಮುಂದಿನ ಚಕ್ರ ಸನ್ನೆಗೋಲಿನ ಆಧಾರ, ಪ್ಲೌ ಒಂದು ತುದಿಯನ್ನು ಒತ್ತುತ್ತದೆ, ಇನ್ನೊಂದು ತುದಿಯಲ್ಲಿರುವ ಹಿಂದಿನ ಚಕ್ರವನ್ನು ಎತ್ತುತ್ತದೆ. ಹಾಗೆ ಎತ್ತಿದ ಭಾರವೂ ಮುಂದಕ್ಕೇ ಬಂದು ಸೇರುತ್ತದೆ. 375 ಕಿಲೋದ ಪ್ಲೌ ಮುಂದಿನ ಆಕ್ಸಲ್ ಮೇಲೆ ಹೇರುವುದು 540 ಕಿಲೋ, ಹಿಂದಿನಿಂದ ಕಿತ್ತುಕೊಳ್ಳುವುದು 165. ನವೆಂಬರಿನಲ್ಲಿ ಹಿಂಭಾಗ ಯಾಕೆ ಜಾರಿತು ಎಂಬುದೂ ಇಲ್ಲೇ ಇತ್ತು.

ಇನ್ನು ನನ್ನ ಮರಳು. ಕ್ಯಾಬಿನ್ನಿಗೆ ಒತ್ತಿ ಇಟ್ಟದ್ದರಿಂದ ಅದು ಹಿಂದಿನ ಚಕ್ರಕ್ಕಿಂತ ಮುಂದಿತ್ತು. ಹಿಂದಕ್ಕೆ ಭಾರ ಕೊಟ್ಟಿತು ನಿಜ, ಅದಕ್ಕೇ ಜಾರುವುದು ನಿಂತದ್ದು. ಆದರೆ ಜೊತೆಗೇ 70 ಕಿಲೋ ಮುಂದಕ್ಕೂ ದಾಟಿಸುತ್ತಿತ್ತು. ಮೊದಲೇ ಸವೆದಿದ್ದ ಕೀಲಿಗೆ ನಾನೇ ಕೈಯಾರೆ ಹೇರಿದ ಹೊರೆ.

"ಹಿಂದಕ್ಕೆ ಎಳಿ" ಅಂದರು ಅಜ್ಜ. ಅವರು ಚೀಲ ಮುಟ್ಟದಂತೆ ನೋಡಿಕೊಳ್ಳುವುದೇ ಒಂದು ಕೆಲಸವಾಯಿತು. 12 ಚೀಲವನ್ನೂ ನಾನೇ ಹಿಂಬಾಗಿಲಿನ ತನಕ ಎಳೆದೆ, ಹೆಚ್ಚೆಂದರೆ 1.8 ಮೀಟರ್. ಮತ್ತೆ ತೂಗಿದರೆ 2,140. ಅದೇ ಗಾಡಿ, ಅದೇ ಪ್ಲೌ, ಅದೇ ಮರಳು. ಮುಂದಿನ ಭಾರ 160 ಕಿಲೋ ಇಳಿದಿತ್ತು. ಯಾರ್ಡಿನ ಹುಡುಗನಿಗೆ ಇದೆಲ್ಲ ದಿನದ ಮಾತು. ಚೀಟಿ ಹರಿದು ಕೊಟ್ಟು ಒಳಗೆ ಹೋದ. ನಾನು ಮಾತ್ರ ಆ ಚೀಟಿಯನ್ನು ಇವತ್ತಿಗೂ ಇಟ್ಟುಕೊಂಡಿದ್ದೇನೆ.

ಊರಿಗೆ ಫೋನ್ ಮಾಡಿ ಅಪ್ಪಯ್ಯನಿಗೆ ಹೇಳಿದರೆ, "ಇದಕ್ಕೆ ಅಷ್ಟೆಲ್ಲ ಲೆಕ್ಕ ಯಾಕಾ? ಟ್ರ್ಯಾಕ್ಟರಿಗೆ ಹಿಂದೆ ರೋಟಾವೇಟರ್ ಕಟ್ಟಿದ್ರೆ ಮುಂದೆ ಕಬ್ಬಿಣದ ತೂಕ ಹಾಕಲ್ವಾ? ನಿಂದು ಉಲ್ಟಾ, ಅಷ್ಟೇ" ಅಂದರು. ಅಷ್ಟೇ! ನಾಲ್ಕು ವರ್ಷ ಎಂಜಿನಿಯರಿಂಗ್ ಓದಿಸಿದವರ ಬಾಯಲ್ಲಿ ಈ ಮಾತು.

ಉಳಿದದ್ದು ಸಣ್ಣಪುಟ್ಟ ಕೆಲಸ. ಚೀಲಗಳು ಮುಂದಕ್ಕೆ ಹಾರದಂತೆ ಬಾಡಿಯಲ್ಲಿ ಮರದ ಚೌಕಟ್ಟು ಬಡಿದೆ. ಮುಂದೆ ಸಸ್ಪೆನ್ಷನ್ ಪೂರ್ತಿ ಕುಸಿದಾಗ ತಾಗುವ ರಬ್ಬರ್ ತುಂಡು ಇರುತ್ತದಲ್ಲ, ಅದರ ಜಾಗಕ್ಕೆ ಪ್ಲೌ ಗಾಡಿಗಳಿಗೆಂದೇ ಬರುವ ದಪ್ಪ ರಬ್ಬರ್ ಸ್ಪ್ರಿಂಗ್ ಹಾಕಿಸಿದೆ. ಬ್ಲೇಡ್ ಎತ್ತಿದಾಗ ಮೂತಿ ಅಷ್ಟು ಕುಸಿಯದು, ಕುಲುಕಾಟವೂ ಕಡಿಮೆ. ಆದರೆ ಅದು ಮಿತಿಯನ್ನು ಹೆಚ್ಚಿಸಿತೆಂದು ನಂಬುವಷ್ಟು ದಡ್ಡ ಈಗ ನಾನಲ್ಲ. ಪಕ್ಕದ ಸೀಟಿನಲ್ಲಿ ಹೆಂಡತಿ ಕೂತರೆ 2,170ರ ಹತ್ತಿರ ಬರುತ್ತದೆ, ಅಂದರೆ ಅಂಚಿನಲ್ಲೇ ಇದ್ದೇವೆ. ಹಾಗಾಗಿ ಪ್ಲೌ ಕಟ್ಟಿದಾಗ ಜೊತೆಗೆ ಯಾರನ್ನೂ ಕೂರಿಸುವುದಿಲ್ಲ. ದೂರ ಹೋಗುವುದಿಲ್ಲ, ಹೋದರೂ ನಿಧಾನ. ಎತ್ತಿದ ಬ್ಲೇಡ್ ರೇಡಿಯೇಟರಿಗೆ ಗಾಳಿ ಅಡ್ಡಗಟ್ಟುತ್ತದೆ, ಮೈನಸ್ ಹದಿನೈದು ಡಿಗ್ರಿಯಲ್ಲೂ ಎಂಜಿನ್ ಬಿಸಿಯೇರುವುದನ್ನು ಒಮ್ಮೆ ಕಣ್ಣಾರೆ ನೋಡಿದ್ದೇನೆ. ಬ್ಲೇಡನ್ನು ಸ್ವಲ್ಪ ಇಳಿಸಿ ಓರೆಯಾಗಿ ತಿರುಗಿಸಿಟ್ಟರೆ ಸರಿಹೋಗುತ್ತದೆ. ಕೆಲಸ ಮುಗಿದ ಕೂಡಲೇ ಬ್ಲೇಡ್ ನೆಲಕ್ಕೆ. ಪಿನ್ನು ಎಳೆದು, ವೈರು ಬಿಚ್ಚಿದರೆ ಐದು ನಿಮಿಷದಲ್ಲಿ ಕಳಚಬಹುದು. ಸೋಮಾರಿತನಕ್ಕೆ ಇಡೀ ಚಳಿಗಾಲ ಕಟ್ಟಿಕೊಂಡೇ ತಿರುಗುವವರನ್ನು ಇಲ್ಲಿ ಬೇಕಾದಷ್ಟು ನೋಡುತ್ತೇನೆ. ಅವರ ಮುಂದಿನ ಚಕ್ರಗಳನ್ನು ನೋಡಿದರೆ ನನಗೇ ಸೊಂಟ ನೋಯುತ್ತದೆ.

ಹೆಂಡತಿಗೆ ನವೆಂಬರಿನ ಕಥೆ ಹೇಳಿದ್ದು ಆಮೇಲೆ, ಚೀಲ ಎಳೆದ ದಿನ ರಾತ್ರಿ. ಎಷ್ಟೋ ಹೊತ್ತು ಮಾತಾಡಲಿಲ್ಲ. "ಆಸ್ಪತ್ರೆಗೆ ಈ ಟ್ರಕ್ಕಲ್ಲಿ ನಾನು ಬರಲ್ಲ. ದಾರಿ ಮಾಡಿಕೊಡು ಸಾಕು, ಕಾರಲ್ಲಿ ಹೋಗೋಣ" ಅಂದಳು ಕೊನೆಗೆ. ಇಷ್ಟು ಸರಳವಾದದ್ದು ನನಗೆ ಮೂರು ತಿಂಗಳಿಂದ ಹೊಳೆದಿರಲಿಲ್ಲ. ಪ್ಲೌ ಇರುವುದು ದಾರಿ ಮಾಡಲಿಕ್ಕೆ, ಆಸ್ಪತ್ರೆಗೆ ಹೋಗಲಿಕ್ಕೆ ಟ್ರಕ್ಕೇ ಆಗಬೇಕೆಂದು ಯಾರು ಹೇಳಿದ್ದರು?

ಆ ದಿನ ಬಂದದ್ದು ಫೆಬ್ರವರಿ ಎರಡನೇ ವಾರ. ಹೌಟನ್‌ನಲ್ಲಿ ವಿದ್ಯಾರ್ಥಿಗಳು ವಿಂಟರ್ ಕಾರ್ನಿವಲ್‌ಗೆ ಕಡೆದ ಹಿಮದ ಶಿಲ್ಪಗಳು ಇನ್ನೂ ನಿಂತಿದ್ದವು. ಬೆಳಗಿನ ಜಾವ ಮೂರು ಗಂಟೆ, ಹೊರಗೆ ಮೊಣಕಾಲುದ್ದ ಹೊಸ ಹಿಮ, ಇನ್ನೂ ಬೀಳುತ್ತಲೇ ಇದೆ. ಅವಳು ಬ್ಯಾಗು ಜೋಡಿಸಿಕೊಳ್ಳುವಷ್ಟರಲ್ಲಿ ನಾನು ನಾಲ್ಕು ಸಲ ಹಿಂದೆ ಮುಂದೆ ಹೋಗಿ ದಾರಿ ಬಿಡಿಸಿದೆ, ಕೌಂಟಿ ಲಾರಿ ಹಾಕಿದ್ದ ಒಡ್ಡು ಒಡೆದೆ. ಹಿಂದಿನ ಚಕ್ರ ಒಂದು ಸಲವೂ ಜಾರಲಿಲ್ಲ. ಪ್ಲೌ ಅಂಗಳದ ಮೂಲೆಯಲ್ಲಿ ಇಳಿಸಿ, ಟ್ರಕ್ಕನ್ನು ಬದಿಗೆ ಹಾಕಿ, ಚಳಿಗಾಲದ ಟೈರು ಹಾಕಿದ್ದ ನಮ್ಮ ಸಣ್ಣ ಕಾರಿನಲ್ಲಿ ಹೊರಟೆವು. ಗುಡ್ಡದ ಬುಡದಲ್ಲಿ ಅದೇ ಸ್ಟಾಪ್ ಗೆರೆ. ಕಾರು ನಿಂತಿತು. ಅವಳು ನನ್ನ ಮುಖ ನೋಡಿದಳು, ಏನೂ ಕೇಳಲಿಲ್ಲ.

ಮಗಳು ಹುಟ್ಟಿದ್ದು ಮಧ್ಯಾಹ್ನ. ಮೂರನೇ ದಿನ ಮನೆಗೆ ಬಂದಾಗ ನಮ್ಮ ದಾರಿ ಕಾರು ಹೋಗುವಷ್ಟು ಅಗಲಕ್ಕೆ ಚೊಕ್ಕವಾಗಿತ್ತು. ಅಂಚು ನೋಡಿದರೇ ಗೊತ್ತಾಗುತ್ತಿತ್ತು, ಸ್ಕೂಪಿನ ಗುರುತು. ಅಜ್ಜನನ್ನು ಕೇಳಿದರೆ ಮೊಮ್ಮಗ ಬಂದಿದ್ದ ಅಂದರು. ಮೊಮ್ಮಗ ಬಂದಿದ್ದನ್ನು ಬೀದಿಯಲ್ಲಿ ಯಾರೂ ನೋಡಿರಲಿಲ್ಲ. ಬಾಣಂತನಕ್ಕೆ ನಮ್ಮತ್ತೆ ಬಂದಿಳಿಯಲು ಇನ್ನೆರಡು ದಿನ ಇತ್ತು, ಅಷ್ಟರಲ್ಲಿ ದಾರಿ ಇನ್ನೂ ಅಗಲ ಮಾಡಬೇಕಿತ್ತು. ಪ್ಲೌ ಕಟ್ಟೋಣ ಎಂದು ಅಂಗಳಕ್ಕೆ ಹೋದರೆ ಪ್ಲೌ ಕಾಣಿಸುತ್ತಿಲ್ಲ. ಮೂರು ದಿನದ ಹಿಮ ಅದನ್ನು ಪೂರ್ತಿ ನುಂಗಿತ್ತು. ಎಡಮೂಲೆಯಲ್ಲೋ ಬಲಮೂಲೆಯಲ್ಲೋ ಇಳಿಸಿದ್ದು ಅನ್ನುವುದೂ ಆ ರಾತ್ರಿಯ ಗಡಿಬಿಡಿಯಲ್ಲಿ ಮರೆತುಹೋಗಿತ್ತು. ಅಜ್ಜನ ಮನೆಗೆ ಹೋಗಿ ಸ್ಕೂಪ್ ಕೇಳಿ ತಂದೆ.